ಬಚ್ಚಿಟ್ಟ ರೋಗ ಮತ್ತು ಮನೆಯ ಹೆಣ್ಣುಮಕ್ಕಳು

ಮಗುವಿನ ಖತ್ನಾ ಆಗಿ ದಿನಗಳು ಕಳೆದರೂ ರಕ್ತ ನಿಲ್ಲದಿದ್ದಾಗಲೇ ನಮ್ಮ ಅನೇಕ ಕುಟುಂಬಗಳು ಹಿಮೋಫಿಲಿಯಾ ಎಂಬ ಹೆಸರನ್ನು ಮೊದಲ ಬಾರಿಗೆ ಕೇಳುತ್ತವೆ. ಖತ್ನಾ ಮಾಡಿದವನ ಕೈಗುಣ, ಕೆಟ್ಟ ದೃಷ್ಟಿ, ಬಳಿಕ ಸೊಸೆಯ ತವರು- ಹೀಗೆ ದೂಷಣೆಗೆ ಒಬ್ಬರಾದ ಮೇಲೊಬ್ಬರು ಗುರಿಯಾಗುತ್ತಾರೆ. ಆಸ್ಪತ್ರೆಯಲ್ಲಿ ರೋಗ ಪತ್ತೆಯಾದ ಮೇಲೆ ಕುಟುಂಬ ಮಾಡುವ ಮೊದಲ ಕೆಲಸ ಅದನ್ನು ಮುಚ್ಚಿಡುವುದು. ಕಾರಣ ಸ್ಪಷ್ಟ. ಮನೆಯಲ್ಲಿ ಮದುವೆ ವಯಸ್ಸಿನ ಹೆಣ್ಣುಮಕ್ಕಳಿರುತ್ತಾರೆ.

ಇದು ಹೊಸ ರೋಗವೇನಲ್ಲ. ಗಾಯವಾದರೆ ರಕ್ತಸ್ರಾವದಿಂದಲೇ ಸಾಯುತ್ತಿದ್ದ ಒಂದು ಹಳ್ಳಿಯ ಗಂಡಸರ ಬಗ್ಗೆ ಅಂದಲೂಸಿಯಾದ ಶಸ್ತ್ರವೈದ್ಯ ಅಬುಲ್ ಕಾಸಿಮ್ ಝಹ್ರಾವಿ ಸುಮಾರು 1,000 ವರ್ಷಗಳ ಹಿಂದೆಯೇ ಬರೆದಿದ್ದಾರೆ. ಅವರು ಬರೆದಿಟ್ಟರು, ನಾವು ಮುಚ್ಚಿಡುತ್ತಿದ್ದೇವೆ!

ರಕ್ತ ಹೆಪ್ಪುಗಟ್ಟಲು ಬೇಕಾದ ಫ್ಯಾಕ್ಟರ್ 8ರ ಕೊರತೆಯೇ ಹಿಮೋಫಿಲಿಯಾ 'ಎ'. ಸುಮಾರು 5,000 ಗಂಡುಮಕ್ಕಳಲ್ಲಿ ಒಬ್ಬನಿಗೆ ಇದು ಬರುತ್ತದೆ. ದೋಷವಿರುವುದು ಎಕ್ಸ್ ವರ್ಣತಂತುವಿನಲ್ಲಿ. ಗಂಡಿಗೆ ಇರುವ ಒಂದೇ ಎಕ್ಸ್ ತಾಯಿಯಿಂದ ಬಂದದ್ದು. ತಾಯಿ ವಾಹಕಿಯಾಗಿದ್ದರೆ ಪ್ರತಿಯೊಬ್ಬ ಮಗನಿಗೂ ರೋಗ ಬರುವ, ಪ್ರತಿಯೊಬ್ಬ ಮಗಳೂ ವಾಹಕಿಯಾಗುವ ಸಾಧ್ಯತೆ ಶೇ. 50. ಆದರೆ ಸುಮಾರು ಮೂರನೇ ಒಂದರಷ್ಟು ರೋಗಿಗಳ ವಂಶದಲ್ಲಿ ಹಿಂದೆ ಯಾರಿಗೂ ಈ ರೋಗ ಇದ್ದಿರುವುದಿಲ್ಲ. ಹೀಗಿರುವಾಗ ಸೊಸೆಯ ತವರನ್ನು ಕಟಕಟೆಗೆ ಎಳೆಯುವುದು ಯಾವ ನ್ಯಾಯ? ರಕ್ತಸಂಬಂಧದ ಮದುವೆಯಿಂದ ಬಂತು ಎಂಬುದೂ ಇಲ್ಲಿ ಸಲ್ಲದು. ತಂದೆ ತಾಯಿ ಇಬ್ಬರಿಂದಲೂ ದೋಷ ಬಂದಾಗ ತಲೆದೋರುವ, ಫ್ಯಾಕ್ಟರ್ 13ರ ಕೊರತೆಯಂತಹ ವಿರಳ ರೋಗಗಳಿಗೆ ಆ ಮಾತು ಅನ್ವಯಿಸುತ್ತದೆ.

ವಾಹಕಿಯ ಫ್ಯಾಕ್ಟರ್ ಮಟ್ಟ ಅನೇಕ ವೇಳೆ ಸಹಜವಾಗಿಯೇ ಇರುವುದರಿಂದ ಖಚಿತ ಉತ್ತರಕ್ಕೆ ಜೀನ್ ಪರೀಕ್ಷೆಯೇ ಬೇಕು. ವೆಲ್ಲೂರಿನ ಸಿ.ಎಂ.ಸಿ. ಆಸ್ಪತ್ರೆಯಲ್ಲಿ ಈ ಸೌಲಭ್ಯವಿದೆ. ಮೊದಲು ರೋಗಿಯಾದ ಹುಡುಗನ ರಕ್ತದಲ್ಲಿ ದೋಷ ಯಾವುದೆಂದು ಹುಡುಕಿ, ಬಳಿಕ ಅದೇ ದೋಷವನ್ನು ತಾಯಿ, ಸಹೋದರಿ, ಚಿಕ್ಕಮ್ಮಂದಿರಲ್ಲಿ ಅರಸುತ್ತಾರೆ. ಅಂದರೆ ಮಗಳ ಹಿತಕ್ಕೆಂದು ಮಗನ ರೋಗವನ್ನು ಬಚ್ಚಿಟ್ಟವರು, ಆ ಮಗಳ ಪರೀಕ್ಷೆಯ ದಾರಿಯನ್ನೇ ಮುಚ್ಚಿರುತ್ತಾರೆ.

ವಾಹಕಿಯೆಂದು ತಿಳಿದರೆ ಹೆರಿಗೆಯಲ್ಲಿ ವೈದ್ಯರು ಇಕ್ಕಳ, ವ್ಯಾಕ್ಯೂಮ್‌ಗಳನ್ನು ದೂರವಿಡುತ್ತಾರೆ. ಹೊಕ್ಕುಳಬಳ್ಳಿಯ ರಕ್ತದಲ್ಲೇ ಮಗುವಿನ ಫ್ಯಾಕ್ಟರ್ 8 ಅಳೆಯಬಹುದು. ರೋಗವಿದ್ದರೆ ಖತ್ನಾವನ್ನು ಫ್ಯಾಕ್ಟರ್ ಚುಚ್ಚುಮದ್ದಿನ ರಕ್ಷಣೆಯಲ್ಲಿ, ತಜ್ಞರಿರುವ ಆಸ್ಪತ್ರೆಯಲ್ಲಿ ಮಾಡಿಸಬಹುದು. ಇನ್ನು ವಾಹಕಿಯರಲ್ಲಿ ಕೆಲವರು ಸ್ವತಃ ಅತಿಯಾದ ಮುಟ್ಟಿನ ಸ್ರಾವದಿಂದ, ಹೆರಿಗೆಯ ನಂತರದ ರಕ್ತಸ್ರಾವದಿಂದ ನರಳುತ್ತಾರೆ. 'ಹೆಂಗಸರಿಗೆ ಇದೆಲ್ಲ ಇದ್ದದ್ದೇ' ಎಂಬ ಒಂದೇ ಮಾತಿನಲ್ಲಿ ಅವರ ಸಂಕಟವನ್ನು ಮುಗಿಸಲಾಗುತ್ತದೆ.

ಪರೀಕ್ಷೆ ಮಾಡಿಸಿದರೆ ಮಗಳ ಸಂಬಂಧ ಮುರಿದೀತು ಎಂಬ ತಂದೆಯ ಭಯ ಸುಳ್ಳಲ್ಲ. ಆದರೆ ಅದು ಪರೀಕ್ಷೆಯ ದೋಷವೋ, ಹೆಣ್ಣನ್ನು ತೂಗಿ ನೋಡುವ ನಮ್ಮ ವಿವಾಹ ಮಾರುಕಟ್ಟೆಯ ದೋಷವೋ? ವರದಿ ಆಕೆಯದು. ಆಕೆಯ ಒಪ್ಪಿಗೆಯಿಲ್ಲದೆ ಅದು ಮದುವೆ ದಲ್ಲಾಳಿಯ ಕಿವಿಗೆ ಬೀಳಕೂಡದು. ಕೈಹಿಡಿಯುವವನಿಗೆ ಮಾತ್ರ ನಿಕಾಹ್‌ಗೆ ಮುನ್ನವೇ ತಿಳಿಸುವುದು ಲೇಸು.

ಸಾಮೂಹಿಕ ಖತ್ನಾ ಶಿಬಿರ ನಡೆಸುವ ಜಮಾಅತ್‌ಗಳು ಅರ್ಜಿಯಲ್ಲಿ ಒಂದು ಪ್ರಶ್ನೆ ಸೇರಿಸಲಿ: ಮಗುವಿನ ಅಣ್ಣಂದಿರಿಗೆ, ತಾಯಿಯ ಸಹೋದರರಿಗೆ ಅಥವಾ ತಾಯಿಯ ಸಹೋದರಿಯ ಗಂಡುಮಕ್ಕಳಿಗೆ ರಕ್ತ ನಿಲ್ಲದ ತೊಂದರೆ ಇತ್ತೇ? ಹೌದೆಂದರೆ ಆ ಮಗುವನ್ನು ಶಿಬಿರದ ಮೇಜಿಗೆ ಹತ್ತಿಸದೆ, ಜಿಲ್ಲಾಸ್ಪತ್ರೆಗೋ ದಾವಣಗೆರೆಯ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಗೋ ಕಳುಹಿಸಿಕೊಡಲಿ.