ಸವಿತಾ ಪ್ರಕರಣ: ವೈದ್ಯಕೀಯ ವಿವೇಚನೆಯ ಒಂದು ಪ್ರಶ್ನೆ

ಬೆಳಗಾವಿಯ ಮಗಳು, ದಂತವೈದ್ಯೆ, 31 ವರ್ಷದ ಸವಿತಾ ಹಾಲಪ್ಪನವರ್ 2012ರ ಅಕ್ಟೋಬರ್ 28ರಂದು ಐರ್ಲೆಂಡಿನ ಗಾಲ್ವೇ ನಗರದ ಆಸ್ಪತ್ರೆಯಲ್ಲಿ ಮೃತರಾದ ಸಂಗತಿಯನ್ನು ವಾಚಕರು ಮರೆತಿರಲಾರರು. ಗರ್ಭಪಾತ ಕಾಯಿದೆಯ ಪರವಾದಿಗಳೂ ವಿರೋಧಿಗಳೂ ಆ ಸಾವನ್ನು ತಮ್ಮ ತಮ್ಮ ವಾದಕ್ಕೆ ಸಾಕ್ಷಿಯಾಗಿ ನಿಲ್ಲಿಸಿದರು. ಆದರೆ 2013ರಲ್ಲಿ ಹೊರಬಂದ ತನಿಖಾ ವರದಿಗಳನ್ನು ತಾಳ್ಮೆಯಿಂದ ಓದಿದವರು ಎರಡೂ ಪಾಳೆಯಗಳಲ್ಲಿ ವಿರಳವೆಂದೇ ತೋರುತ್ತದೆ. ಆ ವರದಿಗಳು ಕಾಯಿದೆಯ ಮಾತಿನ ಜೊತೆಗೆ ಇನ್ನೊಂದನ್ನೂ ಹೇಳುತ್ತವೆ: ಕಲಿತ, ಅನುಭವಸ್ಥರಾದ ವೈದ್ಯರ ಬುದ್ಧಿ ಎಲ್ಲಿ, ಹೇಗೆ ಎಡವಿತು ಎಂಬುದನ್ನು.

ಘಟನೆಗಳ ಕ್ರಮ ಹೀಗಿದೆ. 17 ವಾರಗಳ ಗರ್ಭಿಣಿಯಾಗಿದ್ದ ಆಕೆ ಅಕ್ಟೋಬರ್ 21ರಂದು ಬೆನ್ನುನೋವಿನಿಂದ ದಾಖಲಾದರು. ಗರ್ಭ ಉಳಿಯುವುದಿಲ್ಲವೆಂಬುದು ವೈದ್ಯರಿಗೆ ಖಚಿತವಾಗಿತ್ತು. ಅಂದೇ ತೆಗೆದ ರಕ್ತದಲ್ಲಿ ಬಿಳಿಕಣಗಳ ಸಂಖ್ಯೆ ಏರಿತ್ತು. ಆ ಫಲಿತಾಂಶವನ್ನು ಯಾರೂ ಬೆನ್ನುಹತ್ತಲಿಲ್ಲ. ಮರುದಿನ ನಸುಕಿನಲ್ಲಿ ಗರ್ಭದ ನೀರು ಒಡೆಯಿತು. ಅಂತಹ ಸ್ಥಿತಿಯಲ್ಲಿ ನಾಲ್ಕು ಗಂಟೆಗೊಮ್ಮೆ ನಾಡಿ, ಜ್ವರ, ರಕ್ತದೊತ್ತಡ ನೋಡಬೇಕೆಂಬ ನಿಯಮ ಆಸ್ಪತ್ರೆಯದೇ ಆಗಿದ್ದರೂ ಅದು ಸರಿಯಾಗಿ ಪಾಲನೆಯಾಗಲಿಲ್ಲ. 23ರಂದು ಗರ್ಭವನ್ನು ತೆಗೆಯಿರೆಂದು ದಂಪತಿಗಳು ಕೇಳಿಕೊಂಡಾಗ, ಶಿಶುವಿನ ಹೃದಯ ಬಡಿಯುತ್ತಿರುವುದರಿಂದ ಕಾಯಿದೆಯು ಅನುಮತಿಸದೆಂಬ ಉತ್ತರ ದೊರೆಯಿತು. 24ರ ಬೆಳಗಿನ ಜಾವ ಸುಮಾರು ನಾಲ್ಕಕ್ಕೆ ಆಕೆ ನಡುಗತೊಡಗಿದರು. ಕೊಠಡಿ ತಣ್ಣಗಿದೆ ಎಂದು ಬಗೆದು ಹೊದಿಕೆಯನ್ನೂ ಪ್ಯಾರಾಸಿಟಮಾಲ್ ಗುಳಿಗೆಯನ್ನೂ ಕೊಡಲಾಯಿತು. ಎರಡು ಗಂಟೆಗಳ ನಂತರ ಜ್ವರ ಏರಿ ನಾಡಿ ಓಡುತ್ತಿತ್ತು. ದುರ್ವಾಸನೆಯ ಸ್ರಾವವನ್ನು ಕಿರಿಯ ವೈದ್ಯರು ಕಡತದಲ್ಲಿ ಬರೆದರು. ಬೆಳಗಿನ ಭೇಟಿಯಲ್ಲಿ ಅದು ಹಿರಿಯ ವೈದ್ಯರ ಗಮನಕ್ಕೆ ಬರಲಿಲ್ಲ. ಅಂದು ಮಧ್ಯಾಹ್ನ ಶಿಶು ತೀರಿಕೊಂಡೇ ಹುಟ್ಟಿತು. ನಾಲ್ಕು ದಿನಗಳಲ್ಲಿ ತಾಯಿಯೂ ನಂಜೇರಿ ಕೊನೆಯುಸಿರೆಳೆದರು. ಐರ್ಲೆಂಡಿನ ಆರೋಗ್ಯ ಗುಣಮಟ್ಟ ಪ್ರಾಧಿಕಾರವು ಕೈತಪ್ಪಿದ ಅವಕಾಶಗಳು ಹದಿಮೂರು ಎಂದು ಎಣಿಸಿತು.

ನಡುಕಕ್ಕೆ ಚಳಿಯೇ ಕಾರಣವೆಂದು ತೀರ್ಮಾನಿಸಿದ ದಾದಿ ಕ್ರೂರಿಯಲ್ಲ. ಹೊದಿಕೆ ತಂದುಕೊಟ್ಟ ಕೈ ಕರುಣೆಯದೇ. ಸಿಕ್ಕ ಮೊದಲ ವಿವರಣೆಯಲ್ಲಿ ನೆಮ್ಮದಿಗೊಂಡು ಹುಡುಕಾಟವನ್ನು ನಿಲ್ಲಿಸುವುದು ಮಾನವ ಬುದ್ಧಿಯ ಸಹಜ ಗುಣ. ಮೊದಲು ಕಂಡ ಅಂಶಕ್ಕೆ ಮನಸ್ಸು ಲಂಗರು ಹಾಕುವ ಪರಿಯನ್ನು ಟ್ವೆರ್ಸ್ಕಿ ಮತ್ತು ಕಾಹ್ನೆಮನ್ ಎಂಬ ಮನಶ್ಶಾಸ್ತ್ರಜ್ಞರು 1974ರಲ್ಲಿಯೇ ವಿವರಿಸಿದ್ದರು. ಗಾಲ್ವೇಯಲ್ಲಿ ಲಂಗರು ಬಿದ್ದುದು ಶಿಶುವಿನ ಹೃದಯಬಡಿತದ ಮೇಲೆ. ಆ ಬಡಿತ ನಿಲ್ಲುವವರೆಗೆ ಕಾಯಬೇಕೆಂಬ ಯೋಚನೆ ಎಷ್ಟು ಬಲವಾಗಿತ್ತೆಂದರೆ, ತಾಯಿಯ ನಾಡಿಯನ್ನು ಎಣಿಸುವ ಕೆಲಸ ಹಿಂದೆ ಸರಿಯಿತು. ಸರ್ ಸಬರತ್ನಂ ಅರುಳ್‌ಕುಮಾರನ್ ಅವರ ಅಧ್ಯಕ್ಷತೆಯ ತನಿಖಾ ಸಮಿತಿಯೂ ಹೆಚ್ಚುಕಡಿಮೆ ಇದನ್ನೇ ಹೇಳಿತು.

ಇಲ್ಲಿ ಕಥೋಲಿಕರಾದ ನಾವು ಮೌನವಾಗಿರಲಾಗದು. ‘ಇದು ಕಥೋಲಿಕ ದೇಶ’ ಎಂಬ ಮಾತನ್ನು ತಾನು ಆಡಿದ್ದು ನಿಜವೆಂದು ಪ್ರಸೂತಿ ದಾದಿಯೊಬ್ಬರು ಮರಣ ವಿಚಾರಣೆಯಲ್ಲಿ ಒಪ್ಪಿಕೊಂಡರು. ನೋಯಿಸಲೆಂದು ಆಡಿದ್ದಲ್ಲವೆಂದೂ ತಿಳಿಸಿದರು. ಅದನ್ನು ನಂಬೋಣ. ಆದರೆ ಧರ್ಮಸಭೆಯ ಬೋಧನೆ ಅದಾಗಿರಲಿಲ್ಲ. ತಾಯಿಯ ಜೀವಕ್ಕಿಂತ ಗರ್ಭಸ್ಥ ಶಿಶುವಿನ ಜೀವ ಮಿಗಿಲೆಂದು ಸಭೆ ಎಂದೂ ಬೋಧಿಸಿಲ್ಲವೆಂದು ಐರಿಷ್ ಧರ್ಮಾಧ್ಯಕ್ಷರು 2012ರ ನವೆಂಬರಿನಲ್ಲಿ ಸ್ಪಷ್ಟಪಡಿಸಿದರು. ಗರ್ಭಿಣಿಯ ಗಂಭೀರ ರೋಗಕ್ಕೆ ಅವಶ್ಯವಾದ ಚಿಕಿತ್ಸೆಯಿಂದ, ಉದ್ದೇಶವಿಲ್ಲದೆಯೂ ಶಿಶುವಿಗೆ ಅಪಾಯವೊದಗಬಹುದಾದರೆ, ಅಂತಹ ಚಿಕಿತ್ಸೆಯನ್ನು ನಮ್ಮ ನೀತಿಶಾಸ್ತ್ರ ನಿಷೇಧಿಸುವುದಿಲ್ಲ.

ಆದರೆ ತತ್ತ್ವ ಸರಿಯಿದ್ದ ಮಾತ್ರಕ್ಕೆ ಸಾಲದು. ‘ರೋಗ ಗಂಭೀರವಾದಾಗ’ ಎಂಬ ಷರತ್ತು ಅರ್ಥ ಪಡೆಯಬೇಕಾದರೆ ಗಂಭೀರವಾಯಿತೆಂಬುದನ್ನು ಯಾರಾದರೂ ನೋಡುತ್ತಿರಬೇಕು. ನೋಡುವವರಿಲ್ಲದ ಕಡೆ ಅತ್ಯುತ್ತಮ ನಿಯಮವೂ ಕುರುಡು. ಅಕ್ವೀನಾಸಿನ ಸಂತ ತೋಮಾಸರು ವಿವೇಕವೆಂಬ ಸದ್ಗುಣದ ಅಂಗಗಳನ್ನು ಎಣಿಸುವಾಗ ಸ್ಮರಣೆ, ಇತರರಿಂದ ಕಲಿಯುವ ವಿನಯ, ಸುತ್ತಮುತ್ತ ನೋಡುವ ಎಚ್ಚರಗಳನ್ನು ಸೇರಿಸಿದ್ದಾರೆ. ಗುರುಮಠದಲ್ಲಿ ಇದನ್ನು ನಾವು ಪರೀಕ್ಷೆಗಾಗಿ ಉರುಹೊಡೆದದ್ದುಂಟು. ಕಿರಿಯರು ಬರೆದ ಟಿಪ್ಪಣಿಯನ್ನು ಹಿರಿಯರು ಓದುವುದು ಆ ವಿನಯವೇ ಅಲ್ಲವೆ?

ಇನ್ನೊಂದು ಮಾತನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. 22 ಅಥವಾ 23ರಂದೇ ಗರ್ಭವನ್ನು ತೆಗೆದಿದ್ದರೆ ಆಕೆ ಬದುಕುವ ಸಂಭವವಿತ್ತು, ಆದರೆ ಆಗ ಕಾಯಿದೆ ಅದಕ್ಕೆ ಎಡೆಗೊಡುತ್ತಿರಲಿಲ್ಲವೆಂದು ಪ್ರಸೂತಿ ತಜ್ಞರೊಬ್ಬರು ವಿಚಾರಣೆಯಲ್ಲಿ ಸಾಕ್ಷ್ಯ ನುಡಿದರು. ಸೋಂಕನ್ನು ಗುರುತಿಸದಿದ್ದುದು ಮಾತ್ರ ಕಾರಣವೆಂದು ಹೇಳಿ ನಾವು ಕೈತೊಳೆದುಕೊಳ್ಳುವಂತಿಲ್ಲ. ಕಾಯಿದೆಯೊಂದೇ ಕಾರಣವೆನ್ನುವವರು ಆ ಹದಿಮೂರು ಅವಕಾಶಗಳನ್ನು ವಿವರಿಸಲಾರರು. ಅಪಾಯ ಬರುವವರೆಗೆ ಕಾಯಿರೆಂದ ಕಾಯಿದೆ, ಬಂದ ಅಪಾಯವನ್ನು ಕಾಣದ ಕಣ್ಣು, ಇವೆರಡೂ ಒಂದೇ ಹಾಸಿಗೆಯ ಬಳಿ ಸೇರಿದವು. ವಿಚಾರಣೆಯ ಜ್ಯೂರಿಯು 2013ರ ಏಪ್ರಿಲ್‌ನಲ್ಲಿ ‘ವೈದ್ಯಕೀಯ ದುರ್ಘಟನೆ’ ಎಂದು ತೀರ್ಪಿತ್ತಿತು.

ನಮ್ಮ ಎಷ್ಟೋ ಮನೆಗಳ ಹೆಣ್ಣುಮಕ್ಕಳು ದಾದಿಯರಾಗಿ ಪರದೇಶಗಳಿಗೆ ತೆರಳಿದ್ದಾರೆ. ಇನ್ನೆಷ್ಟೋ ಮಕ್ಕಳು ಮಂಗಳೂರು, ಬೆಂಗಳೂರಿನ ಕಥೋಲಿಕ ಆಸ್ಪತ್ರೆಗಳಲ್ಲಿ ತರಬೇತಿ ಪಡೆಯುತ್ತಿದ್ದಾರೆ. ರೋಗಿಯ ಮನೆಯವರು ‘ಏನೋ ಸರಿಯಿಲ್ಲ’ ಎಂದಾಗ ಅದನ್ನು ಹಟವೆಂದು ತಳ್ಳಿಹಾಕದಿರುವ ಅಭ್ಯಾಸವನ್ನು ಅವರಿಗೆ ಕಲಿಸುವವರು ಯಾರು? ಹೊರನಾಡಿನಿಂದ ಬಂದ ಹೆಂಗಸಿನ ಮಾತಿಗೆ ಕಿವಿಗೊಡಲು ಇನ್ನೂ ಒಂದು ಹೆಜ್ಜೆ ಮುಂದಿಡಬೇಕಾಗುತ್ತದೆ.

ಐರ್ಲೆಂಡು 2018ರ ಮೇ 25ರ ಜನಮತದಲ್ಲಿ ತನ್ನ ಸಂವಿಧಾನದ ಎಂಟನೆಯ ತಿದ್ದುಪಡಿಯನ್ನು ಶೇಕಡಾ 66.4 ಮತಗಳಿಂದ ರದ್ದುಪಡಿಸಿತು. ನಮಗೆ ಅದು ಸಮ್ಮತವಲ್ಲ. ನೊಂದ ಜನರ ಕೋಪವನ್ನು ಮಾತ್ರ ಹಗುರವಾಗಿ ಕಾಣುವಂತಿಲ್ಲ. ಅಷ್ಟು ಸುದ್ದಿಯಾಗದ ಬದಲಾವಣೆಯೊಂದು 2013ರಲ್ಲಿಯೇ ಆರಂಭವಾಗಿತ್ತು. ಆ ದೇಶದ ಹೆರಿಗೆ ಆಸ್ಪತ್ರೆಗಳಲ್ಲೆಲ್ಲ ತಾಯಂದಿರ ಉಸಿರು, ನಾಡಿ, ಜ್ವರ, ರಕ್ತದೊತ್ತಡಗಳನ್ನು ಒಂದೇ ಹಾಳೆಯಲ್ಲಿ ಗುರುತಿಸುವ ಮುನ್ನೆಚ್ಚರಿಕೆ ಪಟ್ಟಿ ಜಾರಿಗೆ ಬಂತು. ಅಳತೆ ಮಿತಿ ಮೀರಿದರೆ ಗುರುತು ಹಳದಿ ಇಲ್ಲವೆ ಗುಲಾಬಿ ಬಣ್ಣದ ಮನೆಯಲ್ಲಿ ಬೀಳುತ್ತದೆ. ಎಷ್ಟು ಗುರುತು ಬಿದ್ದಾಗ ವೈದ್ಯರನ್ನು ಕರೆಯಬೇಕೆಂಬುದೂ ಅದರಲ್ಲಿ ನಿಗದಿಯಾಗಿದೆ.