ಗ್ಲೌಸ್ ಕೊಟ್ಟರೆ ಮುಗೀತಾ ಸ್ವಾಮಿ?

"ಕೊಟ್ರೂ ಹಾಕ್ಕೊಳಲ್ಲ ಸಾರ್ ಇವ್ರು."

ಪೌರಕಾರ್ಮಿಕರ ಕೈಗೆ ಗಾಜು ಹೊಕ್ಕರೂ ಇದೇ ಮಾತು, ಸೊಂಟ ಹಿಡಿದುಕೊಂಡರೂ ಇದೇ ಮಾತು. ತುಮಕೂರು, ಗುಬ್ಬಿ, ಕುಣಿಗಲ್ ಎಲ್ಲಿ ಹೋದರೂ ಕೇಳಿ ಕೇಳಿ ಸಾಕಾಗಿದೆ. ಗಾಯ ಆದವರೇ ತಪ್ಪಿತಸ್ಥರು, ಗ್ಲೌಸ್ ಹಂಚಿ ಫೋಟೋ ತೆಗೆಸಿಕೊಂಡವರು ಸಾಚಾಗಳು!

ಯಾಕೆ ಹಾಕ್ಕೊಳಲ್ಲ ಅಂತ ಒಬ್ಬ ಅಕ್ಕನನ್ನಾದರೂ ಕೇಳಿದ್ದೀರಾ? ಅಳತೆಗೆ ಸಿಗದ ರಬ್ಬರ್ ಗ್ಲೌಸ್ ಒಳಗೆ ಅರ್ಧ ಗಂಟೆಗೆ ಕೈ ಬೆವತು ಪೊರಕೆ ಜಾರುತ್ತೆ. ತೆಳು ಗ್ಲೌಸ್ ಆದ್ರೆ ಒಡೆದ ಬಾಟಲಿ, ಇಂಜೆಕ್ಷನ್ ಸೂಜಿ ಎರಡೂ ಸಲೀಸಾಗಿ ಹೋಗ್ತವೆ. ಹಾಕಿದರೂ ಗಾಯ, ಹಾಕದಿದ್ದರೂ ಗಾಯ. ಕೆಲಸ ಮಾತ್ರ ಹೊತ್ತಿಗೆ ಮುಗೀಬೇಕು.

ಕೆಲಸದ ಸುರಕ್ಷತೆ ಅನ್ನೋದು ಪ್ರಪಂಚದ ಎಲ್ಲ ಕಡೆ ಒಂದು ಶಾಸ್ತ್ರ. ಅದಕ್ಕೆ ಐದು ಮೆಟ್ಟಿಲು. ಮೊದಲನೆಯದು, ಅಪಾಯವನ್ನೇ ಇಲ್ಲವಾಗಿಸು. ಎರಡು, ಅಪಾಯದ ವಸ್ತುವನ್ನೋ ವಿಧಾನವನ್ನೋ ಬದಲಿಸು. ಮೂರು, ಯಂತ್ರ, ಸಲಕರಣೆಯಿಂದ ಮನುಷ್ಯನನ್ನು ದೂರ ಇಡು. ನಾಲ್ಕು, ಪಾಳಿ, ವಿರಾಮ, ತರಬೇತಿ ಸರಿ ಮಾಡು. ಇವೆಲ್ಲ ಆದಮೇಲೂ ಉಳಿಯುವ ಅಪಾಯಕ್ಕೆ ಐದನೆಯದು, ಗ್ಲೌಸು, ಬೂಟು, ಮಾಸ್ಕು. ನಮ್ಮವರ ವಿಷಯಕ್ಕೆ ಬಂದಾಗ ಈ ಕೊನೇ ಮೆಟ್ಟಿಲೇ ಮೊದಲನೆಯದು, ಅಲ್ಲಿಗೇ ಮುಗೀತು. ಮೇಲಿನ ನಾಲ್ಕಕ್ಕೆ ದುಡ್ಡು ಬೇಕು, ಯೋಚನೆ ಬೇಕು, ಎಲ್ಲಕ್ಕಿಂತ ಮುಂಚೆ ಎದುರಿಗಿರೋದು ಮನುಷ್ಯರ ಮೈ ಅನ್ನೋ ಅರಿವು ಬೇಕು.

ಬೆನ್ನಿನ ಲೆಕ್ಕವನ್ನೇ ತಗೊಳ್ಳಿ. ಮೋಟು ಹಿಡಿಯ ಪೊರಕೆ ಹಿಡಿದು ಬಗ್ಗಿದ ಹೆಂಗಸು ಬೀದಿ ಮುಗಿಯೋವರೆಗೂ ಬಗ್ಗೇ ಇರ್ತಾಳೆ. ಆಮೇಲೆ ಹಸಿ ಕಸದ ಡ್ರಮ್ಮನ್ನು ಹೆಗಲೆತ್ತರಕ್ಕೆ ಎತ್ತಿ ಗಾಡಿಗೆ ಸುರೀಬೇಕು. ಅಮೆರಿಕದ ನಿಯೋಶ್ ಸಂಸ್ಥೆ, ಎಲ್ಲ ಅನುಕೂಲ ಇದ್ದಾಗಲೂ ಒಬ್ಬರು ಎತ್ತಲು 23 ಕೆಜಿಯೇ ಮಿತಿ ಎನ್ನುತ್ತೆ. ಬಗ್ಗಿ, ಸೊಂಟ ತಿರುಗಿಸಿ, ಹೆಗಲ ಮೇಲಕ್ಕೆ ಎತ್ತುವುದಾದರೆ ಮಿತಿ ಇನ್ನೂ ಇಳಿಯುತ್ತೆ. ನಮ್ಮೂರಲ್ಲಿ ಡ್ರಮ್ ತೂಗಿದವರು ಯಾರು? ನಮ್ಮವ್ವನ ವಯಸ್ಸಿನವರು ರಾತ್ರಿ ಮುಲಾಮು ಹಚ್ಕೊಂಡು ಮಲಗಿ ಬೆಳಗಿನ ಜಾವ ಮತ್ತೆ ಪೊರಕೆ ಹಿಡೀತಾರೆ. ಇದಕ್ಕೆ ಯಾವ ಗ್ಲೌಸ್ ಕೊಡ್ತೀರಿ?

ಕುಣಿಗಲ್ಲಿನ ಕುದುರೆ ಫಾರಂ ದೇಶಕ್ಕೇ ಹೆಸರುವಾಸಿ. ಕುದುರೆ ಕಾಲು ಕುಂಟಿದರೆ ಡಾಕ್ಟರು ಓಡಿ ಬರ್ತಾರೆ, ಬರಲಿ, ಅದೂ ಜೀವ. ಅದೇ ಊರಿನ ಬೀದಿ ಗುಡಿಸೋಳ ಮಂಡಿ ಸವೆದರೆ "ವಯಸ್ಸಾಯ್ತು ಬಿಡು" ಅನ್ನೋದು ಯಾವ ನ್ಯಾಯ?

ಇನ್ನು ಮ್ಯಾನ್‌ಹೋಲ್. 2013ರ ಕಾಯ್ದೆ ಮನುಷ್ಯರನ್ನು ಒಳಚರಂಡಿ, ಸೆಪ್ಟಿಕ್ ಟ್ಯಾಂಕಿನ ಅಪಾಯಕಾರಿ ಸ್ವಚ್ಛತೆಗೆ ಇಳಿಸುವುದನ್ನು ನಿಷೇಧಿಸಿದೆ. ಇಳಿಸಿದವರಿಗೆ ಮೊದಲ ತಪ್ಪಿಗೇ 2 ವರ್ಷದವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಆದರೆ ಆ ಕಾಯ್ದೆಯಲ್ಲೂ ಒಂದು ಕಿಂಡಿ ಇದೆ. ಸುರಕ್ಷತಾ ಸಾಧನ ಇಲ್ಲದೆ ಇಳಿಸಿದರೆ ಮಾತ್ರ ಅದು "ಅಪಾಯಕಾರಿ". ಅಲ್ಲೂ ಅದೇ ಗ್ಲೌಸಿನ ಕತೆ! ಕೆಳಗಿರೋದು ಹೈಡ್ರೋಜನ್ ಸಲ್ಫೈಡ್. ಹೆಚ್ಚಾದರೆ ಅದು ಮೂಗಿನ ಶಕ್ತಿಯನ್ನೇ ಕೊಲ್ಲುತ್ತೆ, ವಾಸನೆ ನಿಂತಿತಲ್ಲ ಅಂದ್ಕೊಳ್ಳೋವಷ್ಟರಲ್ಲಿ ಜ್ಞಾನ ತಪ್ಪಿರುತ್ತೆ. ಬಟ್ಟೆ ಮಾಸ್ಕು ಅದರ ಮುಂದೆ ಏನೂ ಅಲ್ಲ. ಎತ್ತಲು ಇಳಿದ ಅಣ್ಣನೂ ಅಲ್ಲೇ ಬೀಳ್ತಾನೆ. 2017ರ ಮಾರ್ಚ್‌ನಲ್ಲಿ ಬೆಂಗಳೂರಿನ ಸಿ.ವಿ. ರಾಮನ್ ನಗರದ ಬಳಿ ಒಂದೇ ಮ್ಯಾನ್‌ಹೋಲ್‌ನಲ್ಲಿ ಮೂವರು ಹೋದರು.

2023ರ ಅಕ್ಟೋಬರ್ 20ರಂದು ಸುಪ್ರೀಂ ಕೋರ್ಟ್ ಇಂಥ ಸಾವಿಗೆ 30 ಲಕ್ಷ, ಶಾಶ್ವತ ಅಂಗವೈಕಲ್ಯಕ್ಕೆ ಕನಿಷ್ಠ 20 ಲಕ್ಷ ಪರಿಹಾರ ಎಂದಿದೆ. ಸತ್ತಮೇಲೆ ಲಕ್ಷ ಎಣಿಸೋ ಸರ್ಕಾರ, ಬದುಕಿದ್ದಾಗ ಜೆಟ್ಟಿಂಗ್ ಮಷಿನ್‌ಗೆ ಬಜೆಟ್ ಇಲ್ಲ ಅನ್ನಬಾರದು.

ಬಸವಲಿಂಗಪ್ಪನವರು 1970ರ ದಶಕದಲ್ಲಿ ತಲೆ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಹೊರಟಾಗ ಯಾರಿಗೂ ಒಳ್ಳೆ ಬುಟ್ಟಿ ಹಂಚಲಿಲ್ಲ, ಬುಟ್ಟಿಯನ್ನೇ ಇಳಿಸಿ ಅಂದ್ರು. ಅದು ಮೊದಲ ಮೆಟ್ಟಿಲು! ಆದರೂ 2010ರಲ್ಲಿ ಸವಣೂರಿನ ನಮ್ಮವರು ತಮ್ಮ ಮೈಮೇಲೇ ಮಲ ಸುರಿದುಕೊಂಡು ಈ ನಾಡಿನ ಕಣ್ಣು ತೆರೆಸಬೇಕಾಯ್ತು. ಈ ಕೆಲಸದಲ್ಲಿ ಇವತ್ತಿಗೂ ಯಾವ ಕೇರಿಯವರು ಇದ್ದಾರೆ ಅಂತ ನಾನು ಹೇಳಬೇಕಾ?

ತುಮಕೂರು ಮಹಾನಗರ ಪಾಲಿಕೆ, ಕುಣಿಗಲ್ ಪುರಸಭೆ, ಗುಬ್ಬಿ ಪಟ್ಟಣ ಪಂಚಾಯಿತಿಗೆ ನಮ್ಮ ಹಕ್ಕೊತ್ತಾಯ ಇಷ್ಟೇ:

1. ನಿಂತೇ ಗುಡಿಸುವಂತೆ ಉದ್ದ ಹಿಡಿಯ ಪೊರಕೆ, ಡ್ರಮ್ ಎತ್ತಲು ಯಂತ್ರ ಇರುವ ಗಾಡಿ.
2. ಯಾವ ಕಾರಣಕ್ಕೂ ಮ್ಯಾನ್‌ಹೋಲ್‌ಗೆ ಮನುಷ್ಯ ಇಳಿಯಕೂಡದು.
3. ಪ್ರತಿ ಗಾಯವೂ ರಿಜಿಸ್ಟರ್‌ನಲ್ಲಿ ದಾಖಲಾಗಲಿ, ಚಿಕಿತ್ಸೆಯ ದಿನಗಳಿಗೆ ಸಂಬಳ ಕಡಿತ ಬೇಡ.
4. ಹೊರಗುತ್ತಿಗೆಯವರಿಗೆ ಗಾಯವಾದರೆ "ಕಂಟ್ರಾಕ್ಟರ್ ಕೇಳಿ" ಅನ್ನಬೇಡಿ. ನೌಕರರ ಪರಿಹಾರದ ಕಾನೂನು ಓದಿ, ಮೂಲ ಮಾಲೀಕರೂ ಹೊಣೆಗಾರರೇ.

ಓದ್ತಿರೋ ನಿಮಗೂ ಒಂದು ಮಾತು. ಒಡೆದ ಗಾಜು, ಸೂಜಿ, ಬ್ಲೇಡನ್ನು ಪೇಪರಲ್ಲಿ ಸುತ್ತಿ, ಹೇಳಿ ಕೊಡಿ. ಮೊದಲ ಮೆಟ್ಟಿಲು ನಿಮ್ಮ ಅಡುಗೆಮನೆಯಲ್ಲೇ ಇದೆ. ಗುಬ್ಬಿ ಜಾತ್ರೆಯ ಮಾರನೇ ಬೆಳಗ್ಗೆ ಬೀದಿಯಲ್ಲಿ ಉಳಿಯೋದು ನೀವು ಬಿಟ್ಟಿದ್ದೇ.

ಸೆಪ್ಟೆಂಬರ್ 23ರ ಪೌರಕಾರ್ಮಿಕರ ದಿನ ಶಾಲು ಹೊದಿಸೋಕೆ ಬರ್ತೀರಲ್ಲ, ಶಾಲು ಬೇಡ ಸ್ವಾಮಿ. ಬೆನ್ನು ನೆಟ್ಟಗೆ ನಿಲ್ಲೋ ಹಾಗೆ ಕೆಲಸ ಕೊಡಿ.

ಜೈ ಭೀಮ್.