ತ್ಯಾಜ್ಯ ನೀರಿನ ಭಾರಲೋಹ ನಿವಾರಣೆಯಲ್ಲಿ ಕಡಲೆಕಾಯಿ ಸಿಪ್ಪೆ: ಉಪಯುಕ್ತತೆ ಮತ್ತು ಮಿತಿ

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಬಹುತೇಕ ಮಳೆಯಾಶ್ರಿತ ಪ್ರದೇಶಗಳಾಗಿದ್ದು, ಕಡಲೆಕಾಯಿ ಇಲ್ಲಿನ ಪ್ರಮುಖ ಬೆಳೆಗಳಲ್ಲಿ ಒಂದಾಗಿರುತ್ತದೆ. ಕಾಯಿ ಸುಲಿದ ನಂತರ ಉಳಿಯುವ ಸಿಪ್ಪೆಯು ಸಾಮಾನ್ಯವಾಗಿ ಉರುವಲಾಗಿ ಬಳಕೆಯಾಗುತ್ತದೆ. ಈ ಸಿಪ್ಪೆಗೆ ನೀರಿನಲ್ಲಿ ಕರಗಿರುವ ಸೀಸ, ತಾಮ್ರ, ಕ್ಯಾಡ್ಮಿಯಂ ಮುಂತಾದ ಭಾರಲೋಹಗಳನ್ನು ಹೀರಿ ಹಿಡಿದಿಡುವ ಗುಣವಿರುವುದು ಪ್ರಯೋಗಾಲಯದ ಪರೀಕ್ಷೆಗಳಿಂದ ತಿಳಿದುಬಂದಿದೆ. ಆದರೆ ಇದು ಯಾವ ನೀರಿಗೆ ಸೂಕ್ತ, ಯಾವುದಕ್ಕೆ ಸೂಕ್ತವಲ್ಲ ಎಂಬುದನ್ನು ಪ್ರತ್ಯೇಕವಾಗಿ ಪರಿಶೀಲಿಸುವುದು ಅವಶ್ಯಕ.

ಕರಗಿದ ಲೋಹದ ಕಣಗಳು ಸಾಮಾನ್ಯವಾಗಿ ಧನ ವಿದ್ಯುದಂಶವನ್ನು ಹೊಂದಿರುತ್ತವೆ. ಸಿಪ್ಪೆಯ ಮೇಲ್ಮೈಯು ಋಣ ವಿದ್ಯುದಂಶವುಳ್ಳದ್ದಾಗಿರುವುದರಿಂದ ಅವುಗಳನ್ನು ಸೆಳೆದುಕೊಳ್ಳುತ್ತದೆ. ನೀರು ತೀರಾ ಆಮ್ಲೀಯವಾಗಿದ್ದಲ್ಲಿ ಈ ಹಿಡಿತ ಸಡಿಲವಾಗುತ್ತದೆ. ಪರಿಸರ ಸಂರಕ್ಷಣಾ ನಿಯಮಗಳು, 1986 ರನ್ವಯ ಹಳ್ಳ-ಕೆರೆಗಳಿಗೆ ಬಿಡುವ ತ್ಯಾಜ್ಯ ನೀರಿನಲ್ಲಿ ಸೀಸವು ಲೀಟರಿಗೆ 0.1 ಮಿಲಿಗ್ರಾಂ, ತಾಮ್ರವು 3 ಮಿಲಿಗ್ರಾಂ ಮೀರುವಂತಿಲ್ಲ. ಲೋಹಲೇಪನ ಘಟಕಗಳಂತಹ ಸಣ್ಣ ಉದ್ಯಮಗಳು ಸುಣ್ಣದಿಂದ ಲೋಹವನ್ನು ಗಸಿಯಾಗಿಸಿ ತೆಗೆದ ನಂತರ ಉಳಿಯುವ ಅಲ್ಪಾಂಶವನ್ನು ನಿವಾರಿಸಲು ಸಸ್ಯಮೂಲ ವಸ್ತುಗಳು ಸಹಾಯಕವಾಗಬಲ್ಲವು.

ಕುಡಿಯುವ ನೀರಿನ ವಿಷಯ ಭಿನ್ನವಾಗಿದೆ. ಈ ಭಾಗದ, ಅದರಲ್ಲಿಯೂ ಪಾವಗಡ ತಾಲ್ಲೂಕಿನ, ಕೊಳವೆ ಬಾವಿಗಳ ಮುಖ್ಯ ಸಮಸ್ಯೆ ಶಿಲಾಪದರಗಳಿಂದ ನೀರಿಗೆ ಸೇರುವ ಫ್ಲೋರೈಡ್. ಭಾರತೀಯ ಮಾನಕದಂತೆ ಇದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಪರ್ಯಾಯ ಮೂಲವಿಲ್ಲದಿದ್ದಲ್ಲಿ 1.5 ಮಿಲಿಗ್ರಾಂವರೆಗೆ ಅವಕಾಶವಿದೆ. ದೀರ್ಘಕಾಲ ಮಿತಿ ಮೀರಿದಲ್ಲಿ ಹಲ್ಲುಗಳಲ್ಲಿ ಕಲೆ, ಮೂಳೆಗಳಲ್ಲಿ ಬಿಗಿತ ಉಂಟಾಗುತ್ತದೆ. ಫ್ಲೋರೈಡ್ ಲೋಹವಲ್ಲ, ನೀರಿನಲ್ಲಿ ಅದು ಋಣ ವಿದ್ಯುದಂಶವನ್ನು ಹೊಂದಿರುತ್ತದೆ. ಆದ್ದರಿಂದ ಲೋಹವನ್ನು ಹಿಡಿಯುವ ಸಿಪ್ಪೆ ಫ್ಲೋರೈಡನ್ನು ಅದೇ ರೀತಿ ಹಿಡಿಯುವುದಿಲ್ಲ. ನೀರನ್ನು ಕುದಿಸುವುದರಿಂದಲೂ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಂತೆ ಅದರ ಸಾಂದ್ರತೆ ಹೆಚ್ಚುತ್ತದೆ.

ಬಳಸಿದ ಸಿಪ್ಪೆಯ ವಿಲೇವಾರಿ ಅತ್ಯಂತ ಮುಖ್ಯವಾದ ಅಂಶ. ಲೋಹವು ನಾಶವಾಗುವುದಿಲ್ಲ, ನೀರಿನಿಂದ ಸಿಪ್ಪೆಗೆ ವರ್ಗಾವಣೆಯಾಗುತ್ತದೆ ಅಷ್ಟೆ. ವಾಡಿಕೆಯಂತೆ ಅದನ್ನು ಒಲೆಗೆ ಹಾಕಿದಲ್ಲಿ ಸೀಸವು ಹೊಗೆ ಮತ್ತು ಬೂದಿಯ ಮೂಲಕ ಮನೆಯೊಳಗೆ ಸೇರುತ್ತದೆ. ತಿಪ್ಪೆಗೆ ಹಾಕಿದಲ್ಲಿ ಹೊಲವನ್ನು ತಲುಪುತ್ತದೆ. ಅಪಾಯಕಾರಿ ತ್ಯಾಜ್ಯಗಳ ಕುರಿತಾದ 2016 ರ ನಿಯಮಗಳ ವ್ಯಾಪ್ತಿಗೆ ಬರುವ ಇಂತಹ ತ್ಯಾಜ್ಯವನ್ನು ಅಧಿಕೃತ ವಿಲೇವಾರಿ ಕೇಂದ್ರಕ್ಕೇ ಒಪ್ಪಿಸತಕ್ಕದ್ದು.

ಸಿಪ್ಪೆ ಅಗ್ಗವಾದರೂ ಅದರ ಸುರಕ್ಷಿತ ವಿಲೇವಾರಿಯ ವೆಚ್ಚವನ್ನು ಸೇರಿಸಿಯೇ ಈ ವಿಧಾನದ ಲಾಭವನ್ನು ಲೆಕ್ಕ ಹಾಕಬೇಕಾಗುತ್ತದೆ. ಸಾರ್ವಜನಿಕರು ಇದನ್ನು ಮನೆಯ ಕುಡಿಯುವ ನೀರಿಗೆ ಪ್ರಯೋಗಿಸದೆ, ಪರೀಕ್ಷಿಸಲ್ಪಟ್ಟ ಮೂಲದ ನೀರನ್ನೇ ಕುಡಿಯಲು ಹಾಗೂ ಅಡುಗೆಗೆ ಬಳಸುವುದು ಸೂಕ್ತ.